ಕಾಲುಸಂಕ ಮುರಿದ್ರೆ ಯಾರನ್ನ ಕೇಳ್ಬೇಕು? ಸಂವಿಧಾನ ಬಳಸೋ ದಾರಿ

ನಮ್ಮೂರ ಹಳ್ಳದ ಕಾಲುಸಂಕ, ಅಂದ್ರೆ ನಡ್ಕೊಂಡು ದಾಟೋ ಸಣ್ಣ ಸೇತುವೆ, ಒಂದು ಮಳೆಗಾಲದಲ್ಲಿ ಕೊಚ್ಕೊಂಡು ಹೋಯ್ತು, ಶಾಲೆ ಮಕ್ಕಳು ಸುತ್ತು ಹಾಕ್ಕೊಂಡು ಹೋಗೋ ಹಂಗಾಯ್ತು, ನಾವೆಲ್ಲ ಸೇರಿ ಸಹಿ ಮಾಡಿ ಎಂಪಿಗೆ ಮನವಿ ಕೊಟ್ವಿ. ಎರಡು ವರ್ಷ ಕಾದ್ವಿ. ಕೊನೆಗೆ ಊರಿನ ರಿಟೈರ್ಡ್ ಮಾಸ್ತರು ಕರೆದು ಹೇಳಿದ್ರು, "ತಮಾ, ಅದು ಪಂಚಾಯ್ತಿ ಬಾಗಿಲು, ನೀವು ಡೆಲ್ಲಿ ಬಾಗಿಲು ಬಡೀತಾ ಇದ್ರಿ" ಅಂತ. ಸಂವಿಧಾನದ ಪುಸ್ತಕ ನಾನು ಕೈಗೆ ತಗೊಂಡಿದ್ದು ಆವಾಗ್ಲೇ.

ಯಾವ ಕೆಲಸ ಯಾರದ್ದು ಅಂತ ಮೊದ್ಲು ತಿಳ್ಕೊಳ್ಳಿ. ಇದಕ್ಕೆ ಕಾರವಾರಕ್ಕಿಂತ ಒಳ್ಳೆ ಪಾಠ ಇಲ್ಲ. ನೌಕಾನೆಲೆ, ಕೊಂಕಣ ರೈಲು, ಹೈವೇ 66 ಇವೆಲ್ಲ ಕೇಂದ್ರದ್ದು. ಪೊಲೀಸು, ಆಸ್ಪತ್ರೆ, ಕಾರವಾರ ಬಂದರು ರಾಜ್ಯದ್ದು. ಬೀದಿ ದೀಪ, ಕಸ ನಗರಸಭೆಗೆ. ಮೀನು ಹಿಡಿಯೋದ್ರಲ್ಲೂ ಹಿಂಗೇ, ದಡದಿಂದ 12 ನಾಟಿಕಲ್ ಮೈಲಿ ತನಕ ರಾಜ್ಯ, ಅದರಾಚೆ ಕೇಂದ್ರ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರದ ಪಟ್ಟಿ, ರಾಜ್ಯದ ಪಟ್ಟಿ, ಇಬ್ರಿಗೂ ಸೇರಿದ ಸಮವರ್ತಿ ಪಟ್ಟಿ ಅಂತ ಮೂರಿವೆ. 1992ರ 73ನೇ ತಿದ್ದುಪಡಿಯಲ್ಲಿ ಪಂಚಾಯ್ತಿಗೆ ಅಂತ ಹನ್ನೊಂದನೇ ಅನುಸೂಚಿ ಬಂತು, ಅದರಲ್ಲಿ 29 ವಿಷಯ ಇದಾವೆ, 13ನೇದು ರಸ್ತೆ, ಮೋರಿ, ಸೇತುವೆ, ದೋಣಿ ದಾಟೋ ಜಾಗ. ನಮ್ಮ ಕಾಲುಸಂಕ ಅಲ್ಲಿ ಸಿಕ್ತು ನೋಡಿ.

ಆದ್ರೆ ನಮ್ಮ ಉತ್ತರ ಕನ್ನಡ ಜಿಲ್ಲೆ ಬಹುಪಾಲು ಕಾಡು. ಕಾಡು 1976ರ ತಿದ್ದುಪಡಿ ಮೇಲೆ ಸಮವರ್ತಿ ಪಟ್ಟಿಗೆ ಹೋಯ್ತು, ಹಂಗಾಗಿ ಶಿರಸಿ, ಸಿದ್ದಾಪುರ ಕಡೆ ಒಂದು ರಸ್ತೆ ಮಾಡ್ಬೇಕಂದ್ರೂ ಅರಣ್ಯ ಇಲಾಖೆ ಅಡ್ಡ ಬರ್ತದೆ ಅಂತ ಜನ ಕೈಬಿಟ್ಟು ಕೂತಿರ್ತಾರೆ. ಕೈಬಿಡಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆ 3(2)ನೇ ಸೆಕ್ಷನ್‌ನಲ್ಲಿ ರಸ್ತೆ, ಅಂಗನವಾಡಿ, ಕುಡಿಯೋ ನೀರು ಇಂಥವಕ್ಕೆ ಒಂದೊಂದಕ್ಕೆ 1 ಹೆಕ್ಟೇರ್ ಒಳಗೆ ಕಾಡಿನ ಜಾಗ ಬಳಸಬಹುದು, ಹೆಕ್ಟೇರಿಗೆ 75 ಮರಕ್ಕಿಂತ ಜಾಸ್ತಿ ಕಡಿಯೋ ಹಂಗಿಲ್ಲ, ಮತ್ತೆ ಗ್ರಾಮಸಭೆ ಶಿಫಾರಸು ಬೇಕೇ ಬೇಕು. ಅಂದ್ರೆ ಕೀಲಿ ಇರೋದು ಊರಿನವರ ಕೈಯಲ್ಲೇ.

ಹಂಗಾಗಿ ಗ್ರಾಮಸಭೆ ತಪ್ಪಿಸಬೇಡಿ. ಅಲ್ಲಿ ಹೋಗಿ ಜೋರಾಗಿ ಮಾತಾಡಿ ಬಂದ್ರೆ ಏನೂ ಆಗೋದಿಲ್ಲ, ನಿಮ್ಮ ಮಾತು ಠರಾವಾಗಿ, ಅಂದ್ರೆ ಸಭೆಯ ನಿರ್ಣಯವಾಗಿ, ನಡಾವಳಿ ಪುಸ್ತಕದಲ್ಲಿ ಬೀಳ್ಬೇಕು. ಅಲ್ಲೇ ಕೂತು ಓದಿಸಿ ಕೇಳಿ, ನಕಲು ತಗೊಳ್ಳಿ, ಅರ್ಜಿ ಕೊಟ್ರೆ ಸ್ವೀಕೃತಿ ಬಿಡಬೇಡಿ. ಆಮೇಲೂ ಉತ್ತರ ಬರ್ಲಿಲ್ವಾ, ಮಾಹಿತಿ ಹಕ್ಕಲ್ಲಿ 10 ರೂಪಾಯಿ ಕಟ್ಟಿ ಕೇಳಿ, ಬಿಪಿಎಲ್ ಆದ್ರೆ ಅದೂ ಬೇಡ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಊರಿನ ದುಃಖ ಎಲ್ಲ ಬರೀಬೇಡಿ, "ನಮ್ಮ ಠರಾವಿನ ಮೇಲೆ ಏನು ಕ್ರಮ ಆಗಿದೆ, ಕಡತದ ನಕಲು ಕೊಡಿ" ಅಷ್ಟೇ ಸಾಕು. 30 ದಿನದಲ್ಲಿ ಉತ್ತರ ಕೊಡ್ಬೇಕು.

ಅದೂ ಆಗ್ಲಿಲ್ಲ ಅಂದ್ರೆ ಕೋರ್ಟು. 226ನೇ ವಿಧಿ ಪ್ರಕಾರ ಹೈಕೋರ್ಟಿಗೆ ಹೋಗಬಹುದು, ನಮಗೆ ಧಾರವಾಡ ಪೀಠ. ದುಡ್ಡಿಲ್ಲ ಅಂತ ಹೆದರಬೇಡಿ, ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ರೂ ವಕೀಲರನ್ನ ಉಚಿತವಾಗಿ ಕೊಡ್ತಾರೆ. ನಮ್ಮ ಜಿಲ್ಲೆ ಸಿದ್ದಿ ಜನ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದಾರೆ, ಅವರಿಗೂ ಇದು ಸಿಗ್ತದೆ, ಅವರ ಕಿವಿಗೆ ಈ ಮಾತು ಮುಟ್ಟಿಸಿ.

ಇದಕ್ಕೆಲ್ಲ ಭಾರತದ ಪೌರ ಆಗಿರ್ಬೇಕಾ ಅಂತ ಕೇಳ್ತಾರೆ. ಮಾಹಿತಿ ಹಕ್ಕಿಗೆ ಬೇಕು, ಗ್ರಾಮಸಭೆಗೆ ಮತದಾರರ ಪಟ್ಟೀಲಿ ಹೆಸರು ಬೇಕು, ಆದ್ರೆ 14ನೇ ವಿಧಿಯ ಸಮಾನತೆ, 21ರ ಜೀವದ ಹಕ್ಕು ಈ ನೆಲದ ಮೇಲೆ ನಿಂತ ಪ್ರತಿ ಮನುಷ್ಯನಿಗೂ ಇದೆ, ಗೋಕರ್ಣಕ್ಕೆ ಬಂದ ವಿದೇಶಿಗೂ. ನನಗೆ ಸಂವಿಧಾನದಲ್ಲಿ ತುಂಬಾ ಹಿಡಿಸಿದ ಜಾಗ ಅದು.

ಪೌರತ್ವ ಅಂದ್ರೆ ಆಧಾರ್ ಕಾರ್ಡ್ ಅಲ್ಲ, ಆಧಾರ್ ಕಾಯ್ದೆಯೇ ಹಂಗೆ ಹೇಳ್ತದೆ. 1950 ಜನವರಿ 26ರಿಂದ 1987 ಜುಲೈ 1ರ ಮುಂಚೆ ಇಲ್ಲಿ ಹುಟ್ಟಿದ್ರೆ ಹುಟ್ಟೇ ಸಾಕು. ಆಮೇಲಿಂದ 2004 ಡಿಸೆಂಬರ್ 3ರ ಮುಂಚಿನವರಿಗೆ ಅಪ್ಪ ಅಮ್ಮ ಇಬ್ರಲ್ಲಿ ಒಬ್ರು ಭಾರತದ ಪೌರ ಆಗಿರ್ಬೇಕು. ಅದಾದ್ಮೇಲೆ ಹುಟ್ಟಿದ ಮಕ್ಕಳಿಗೆ ಇಬ್ರೂ ಪೌರರು, ಇಲ್ಲಾ ಒಬ್ರು ಪೌರ, ಇನ್ನೊಬ್ರು ಅಕ್ರಮ ವಲಸಿಗರಲ್ಲ ಅಂತ ಇರ್ಬೇಕು. ಅದಕ್ಕೇ ಮಕ್ಕಳ ಜನನ ಪತ್ರ ಜೋಪಾನವಾಗಿಡಿ.

ಕಾಳಿ ಹೊಳೆ ದಾಟಿದ್ರೆ ಗೋವಾ ದೂರ ಇಲ್ಲ, ಅಲ್ಲಿ ಸಂಬಂಧ ಮಾಡಿದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಗೋವಾದವರು 1961 ಡಿಸೆಂಬರ್‌ನಲ್ಲಿ ಪೋರ್ಚುಗೀಸರು ಹೋದ್ಮೇಲೆ 1962ರ ಆದೇಶದಲ್ಲಿ ಭಾರತದ ಪೌರರಾದ್ರು. ಈಗ ಕೆಲವರು ಕೆಲಸಕ್ಕೆ ಅಂತ ಪೋರ್ಚುಗಲ್ ಪೌರತ್ವ ತಗೋತಾರೆ. ತಗೊಂಡ ಕ್ಷಣ ಇಲ್ಲಿಂದು ಹೋಗ್ತದೆ, ಎರಡೂ ಇಟ್ಕೊಳ್ಳೋಕೆ ನಮ್ಮಲ್ಲಿ ಅವಕಾಶ ಇಲ್ಲ. ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡೋ ಒಸಿಐ ಕಾರ್ಡಲ್ಲಿ ಬಂದು ಇರಬಹುದು, ಮತ ಹಾಕೋಕಾಗಲ್ಲ, ಕೃಷಿ ಜಮೀನು ಕೊಳ್ಳೋಕಾಗಲ್ಲ. ಗಲ್ಫಿಗೆ ದುಡಿಯೋಕೆ ಹೋದ ಭಟ್ಕಳ, ಹೊನ್ನಾವರದವರ ಕಥೆ ಬೇರೆ, ಅವರು ಭಾರತದ ಪೌರರೇ, ಫಾರಂ 6ಎ ತುಂಬಿ ಊರಿನ ಮತದಾರರ ಪಟ್ಟೀಲಿ ಹೆಸರು ಹಾಕಿಸಬಹುದು, ಮತಕ್ಕೆ ಮಾತ್ರ ಊರಿಗೇ ಬರ್ಬೇಕು.

ಮನೇಲಿ 17 ತುಂಬಿದ ಮಕ್ಕಳಿದ್ರೆ ಈಗ್ಲೇ ಮತದಾರರ ಪಟ್ಟಿಗೆ ಹೆಸರು ಸೇರಿಸೋ ಫಾರಂ 6 ಕೊಡಿಸಿ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1, ಈ ನಾಲ್ಕರಲ್ಲಿ 18 ತುಂಬಿದ್ಮೇಲೆ ಯಾವುದು ಮೊದ್ಲು ಬರ್ತದೋ ಆಗ ಹೆಸರು ಸೇರ್ತದೆ, ಮುಂದಿನ ಗ್ರಾಮಸಭೆಗೆ ಅವರನ್ನೂ ಕರ್ಕೊಂಡೇ ಹೋಗಿ.