ಏಳನೇ ನಂಬರಿನ ಹುಡುಗ ಪಟ್ಟಿಯ ಕೊನೆಗೆ ಬಿದ್ದಿದ್ದು

ಶಿವಮೊಗ್ಗದಲ್ಲಿ ಸಂಜೆ ಹೊತ್ತು ಹತ್ತು ಹನ್ನೆರಡು ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಸಿಮೆಂಟ್ ಕೋರ್ಟು. ಮಳೆಗಾಲದಲ್ಲಿ ಪಾಚಿ ಕೆರೆಯುವುದೇ ಅರ್ಧ ಪ್ರಾಕ್ಟೀಸ್. ಬೆಳಿಗ್ಗೆ ಕರೆಂಟ್ ಇದ್ದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಆಟ ನೋಡುತ್ತೇನೆ. ಆಮೇಲೆ ಗೆಳೆಯನಿಗೆ ಫೋನ್ ಮಾಡಿ ಜಗಳ ಶುರು.

ಗೆಳೆಯ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ತೂಕಕ್ಕೆ ಬಾರದ್ದನ್ನು ನಂಬುವುದಿಲ್ಲ. ಅವನಿಗೆ ಪಿಇಆರ್ (ಪ್ಲೇಯರ್ ಎಫಿಶಿಯೆನ್ಸಿ ರೇಟಿಂಗ್) ಅಂದರೆ ಪ್ರಾಣ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಬರಹಗಾರ ಜಾನ್ ಹಾಲಿಂಜರ್ ಮಾಡಿದ ಲೆಕ್ಕ ಅದು. ಆಟಗಾರ ಮಾಡಿದ ಒಳ್ಳೆಯದು ಕೆಟ್ಟದ್ದನ್ನೆಲ್ಲ ಕೂಡಿಸಿ ಕಳೆದು, ಆಡಿದ ನಿಮಿಷಕ್ಕೆ ಹಂಚಿ, ತಂಡದ ಆಟದ ವೇಗಕ್ಕೂ ಸರಿಹೊಂದಿಸಿ ಒಂದೇ ನಂಬರ್ ಕೊಡುತ್ತದೆ. ಲೀಗಿನ ಸರಾಸರಿ ಪ್ರತಿ ವರ್ಷ 15. 2021-22ರಲ್ಲಿ ಡೆನ್ವರ್ ತಂಡದ ನಿಕೊಲಾ ಯೋಕಿಚ್ 32.8 ದಾಟಿ ದಾಖಲೆ ಮಾಡಿದ. "ನೋಡು ಮಾರಾಯ, ಕಣ್ಣು ಸುಳ್ಳು ಹೇಳ್ತದೆ, ಇದು ಹೇಳಲ್ಲ" ಅಂತ ಇವನ ವಾದ. ಯೋಕಿಚ್ ದೊಡ್ಡ ಆಟಗಾರ ಅನ್ನುವುದರಲ್ಲಿ ನನ್ನದೂ ತಕರಾರಿಲ್ಲ.

ಸರಿ, ನಮ್ಮ ಹುಡುಗರ ಮೇಲೇ ಲೆಕ್ಕ ಹಾಕಿ ನೋಡೋಣ ಅಂದುಕೊಂಡೆ. ಪಿಇಆರ್ ಸೂತ್ರ ಉದ್ದ, ನನ್ನ ನೋಟ್‌ಬುಕ್ಕಿಗೆ ಆಗುವಂಥದ್ದಲ್ಲ. ಎಫಿಶಿಯೆನ್ಸಿ ಅಂತ ಸುಲಭದ್ದೊಂದಿದೆ. ಪಾಯಿಂಟ್, ರೀಬೌಂಡ್ (ತಪ್ಪಿದ ಶಾಟಿನ ಚೆಂಡು ಹಿಡಿದದ್ದು), ಅಸಿಸ್ಟ್ (ಪಾಯಿಂಟ್ ಆಗುವ ಪಾಸ್ ಕೊಟ್ಟದ್ದು), ಸ್ಟೀಲ್ (ಎದುರಾಳಿಯಿಂದ ಚೆಂಡು ಕಿತ್ತದ್ದು), ಬ್ಲಾಕ್ (ಶಾಟ್ ತಡೆದದ್ದು) ಎಲ್ಲ ಕೂಡಿಸಬೇಕು. ತಪ್ಪಿದ ಶಾಟ್, ತಪ್ಪಿದ ಫ್ರೀ ಥ್ರೋ (ಫೌಲಿಗೆ ಸಿಗುವ ಒಂದು ಪಾಯಿಂಟಿನ ಶಾಟ್), ಚೆಂಡು ಕಳೆದುಕೊಂಡದ್ದು ಇವನ್ನು ಕಳೆಯಬೇಕು. ಅಷ್ಟೇ.

ದಾವಣಗೆರೆಯ ತಂಡದ ಜೊತೆ ಆಡಿ 4 ಪಾಯಿಂಟಿನಿಂದ ಗೆದ್ದೆವು. ರಾತ್ರಿ ಲೆಕ್ಕ ಹಾಕಿದೆ. ಹತ್ತನೇ ನಂಬರಿನವನು 20 ಶಾಟ್ ಹೊಡೆದು 7 ಹಾಕಿದ್ದ, ಆರು ಫ್ರೀ ಥ್ರೋದಲ್ಲಿ ನಾಲ್ಕು. ಒಟ್ಟು 18 ಪಾಯಿಂಟ್. 6 ರೀಬೌಂಡ್, 2 ಅಸಿಸ್ಟ್, 2 ಸ್ಟೀಲ್. ತಪ್ಪಿದ್ದು 13 ಶಾಟ್, 2 ಫ್ರೀ ಥ್ರೋ. ಎರಡು ಸಲ ಚೆಂಡು ಬಿಟ್ಟಿದ್ದ. ಕೂಡಿಸಿ ಕಳೆದರೆ 11. ಏಳನೇ ನಂಬರಿನವನಿಗೆ ಬಂದದ್ದು 5. ಪಟ್ಟಿಯಲ್ಲಿ ಕೊನೆ.

ಅವತ್ತು ಗೆಲ್ಲಿಸಿದ್ದೇ ಏಳನೆಯವನು! ಅವರ ಮುಖ್ಯ ಆಟಗಾರನ ಬೆನ್ನಿಗೆ ಜಿಗಣೆ ಥರ ಅಂಟಿಕೊಂಡಿದ್ದ. ಆ ಆಟಗಾರ 15 ಶಾಟ್‌ನಲ್ಲಿ 4 ಮಾತ್ರ ಹಾಕಿದ. ತಪ್ಪಿದ 11 ಶಾಟ್ ಎಲ್ಲಿ ಹೋದವು ಅಂತ ಹುಡುಕಿದೆ. ಅವರ ಆಟಗಾರನ ಲೆಕ್ಕದಲ್ಲಿ 11 ಕಳೆದಿತ್ತು. ನಮ್ಮ ಕಡೆ ಮಾತ್ರ ತಪ್ಪಿಸಿದವನಿಗೆ ಏನೂ ಇಲ್ಲ. ಬೋರ್ಡ್ ಕೆಳಗೆ ನಿಂತು ಚೆಂಡು ಹಿಡಿದ ಎತ್ತರದ ಹುಡುಗನಿಗೆ ರೀಬೌಂಡ್ ಅಂತ ಒಂದೊಂದು ಸೇರಿತ್ತು. ಬೆವರು ಒಬ್ಬನದು, ಕೂಲಿ ಇನ್ನೊಬ್ಬನಿಗೆ.

ಎನ್‌ಬಿಎಯಲ್ಲೂ ಇದೇ ಕಥೆ. ಬ್ರೂಸ್ ಬೋವೆನ್ ಸ್ಯಾನ್ ಆಂಟೋನಿಯೊ ತಂಡದಲ್ಲಿ 2003, 2005, 2007ರಲ್ಲಿ ಚಾಂಪಿಯನ್ ಆದ. ಎದುರಾಳಿಯನ್ನು ತಡೆಯುವುದರಲ್ಲಿ ವರ್ಷದ ಅತ್ಯುತ್ತಮರು ಅಂತ ಆರಿಸುವ ಲೀಗಿನ ಡಿಫೆನ್ಸ್ ತಂಡಕ್ಕೆ ಎಂಟು ಸಲ ಆಯ್ಕೆಯಾದ. ಅವನ ಪಿಇಆರ್ ಮಾತ್ರ ಸರಾಸರಿಗಿಂತ ಎಷ್ಟೋ ಕೆಳಗೆ.

ನಾನು ಮಾಡಿದ ತಪ್ಪು ಇನ್ನೊಂದಿದೆ. ಆ ಪಟ್ಟಿಯನ್ನು ಗೋಡೆಗೆ ಅಂಟಿಸಿಬಿಟ್ಟೆ. ಎರಡೇ ವಾರ, ಹುಡುಗರು ಪಾಸ್ ಕೊಡುವುದನ್ನೇ ಮರೆತರು. ಸಿಕ್ಕಿದವನೆಲ್ಲ ಶಾಟ್ ಹೊಡೆಯುವವನೇ. ಯಾಕೆ ಅಂತ ಕೂತು ನೋಡಿದೆ. ಈ ಲೆಕ್ಕದಲ್ಲಿ ಎರಡು ಪಾಯಿಂಟಿನ ಶಾಟ್ ಬಿದ್ದರೆ ಎರಡು ಸೇರುತ್ತದೆ, ತಪ್ಪಿದರೆ ಒಂದೇ ಕಳೆಯುತ್ತದೆ. ಮೂರಕ್ಕೆ ಒಂದು ಬಿದ್ದರೂ ನಷ್ಟವಿಲ್ಲ. ಮೂರು ಪಾಯಿಂಟಿನದಾದರೆ ನಾಲ್ಕಕ್ಕೆ ಒಂದು ಸಾಕು. ಹತ್ತನೆಯವನು 20ಕ್ಕೆ 7 ಹಾಕುವವನು. ಅವನು ಜಾಸ್ತಿ ಹೊಡೆದಷ್ಟೂ ಅವನ ನಂಬರ್ ಏರುತ್ತದೆ, ತಂಡ ಸೋಲುತ್ತದೆ. ಹುಡುಗರು ಇದನ್ನು ನನಗಿಂತ ಮೊದಲೇ ಕಂಡುಕೊಂಡಿದ್ದರು ಅನ್ನಿಸುತ್ತದೆ. ಪಿಇಆರ್‌ನ ಮೇಲೂ ಹೆಚ್ಚು ಕಡಿಮೆ ಇದೇ ದೂರಿದೆ. ಪಟ್ಟಿ ಕಿತ್ತು ಹಾಕಿದೆ.

ಗೆಳೆಯನ ಹತ್ತಿರ ಇದನ್ನೆಲ್ಲ ಹೇಳಿದೆ. ಅವನು ಭದ್ರಾವತಿಯವನು, ಗುಂಡಪ್ಪ ವಿಶ್ವನಾಥ್ ನಮ್ಮೂರಿನವರು ಅಂತ ಬೀಗುವವನು. "1975ರಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್ ಎದುರು ಭಾರತದ 190ರಲ್ಲಿ 97 ಅವರೊಬ್ಬರದೇ, ಔಟೂ ಆಗಲಿಲ್ಲ. ಶತಕದ ಪಟ್ಟಿಯಲ್ಲಿ ಅದು ಎಲ್ಲಿದೆ ಹೇಳು" ಅಂದೆ. ಗೆದ್ದೆ ಅಂದುಕೊಂಡೆ.

"ಆ 97 ಸ್ಕೋರ್ ಬುಕ್ಕಿನಲ್ಲಿ ಇದೆಯಲ್ಲ ಮಾರಾಯ. ನಿನ್ನ ಹುಡುಗನದ್ದು ಎಲ್ಲೂ ಇಲ್ಲ. ಬರೆಯದೇ ಇದ್ದದ್ದು ನಿನ್ನ ತಪ್ಪು, ಲೆಕ್ಕದ್ದಲ್ಲ" ಅಂದ.

ಮಾತು ಹೊರಡಲಿಲ್ಲ ನನಗೆ. ಮರುದಿನವೇ ನೋಟ್‌ಬುಕ್ಕಿನಲ್ಲಿ ಹೊಸ ಗೆರೆ ಎಳೆದೆ. ಎದುರಾಳಿ ಶಾಟ್ ಹೊಡೆಯುವಾಗ ನಮ್ಮವನು ಮುಂದೆ ನಿಂತು ಕೈ ಎತ್ತಿದ್ದು, ಶಾಟ್ ತಪ್ಪಿತು ಅಂದರೆ ಅವನ ಹೆಸರಿಗೆ ಒಂದು ಗೀಟು. ಎದುರಿಗೆ ಯಾರೂ ಇಲ್ಲದೆ ಹೊಡೆದವನ ಶಾಟ್ ತಾನೇ ತಪ್ಪಿದರೆ ಗೀಟಿಲ್ಲ. ಎನ್‌ಬಿಎಯವರು 2013-14ರಿಂದ ಎಲ್ಲ ಅಂಗಣಗಳಲ್ಲೂ ಓಡಾಟ ಅಳೆಯುವ ಕ್ಯಾಮೆರಾ ಹಾಕಿದ್ದಾರೆ. ನನಗಿರುವುದು ಎರಡು ಕಣ್ಣು, ಒಂದು ಪೆನ್ನು.

ಸಾಗರದಲ್ಲಿ ಆಡಿದಾಗ ಗೆಳೆಯನೂ ಬಂದ. ಒಂದು ಕೈಯಲ್ಲಿ ಕೊಡೆ, ತೊಡೆ ಮೇಲೆ ಮಂಡಿಯ ಹಳೇ ಲೆಕ್ಕದ ಪುಸ್ತಕ. ನಾನು ಬೆಂಚಿನ ಹತ್ತಿರ, ಅವನು ಎದುರು ಬದಿಯಲ್ಲಿ. ಆಟ ಮುಗಿದ ಮೇಲೆ ಎರಡೂ ತೆರೆದು ನೋಡಿದೆವು. ಏಳನೆಯವನ ಹೆಸರಿಗೆ ನನ್ನಲ್ಲಿ 11 ಗೀಟು, ಅವನಲ್ಲಿ 8.

"ನಿನ್ನ ಹುಡುಗ ಅಂತ ಮೂರು ಜಾಸ್ತಿ ಹಾಕಿದೀಯ" ಅಂದ. "ನೀನು ಮೂರು ಸಲ ಕೊಡೆ ಸರಿ ಮಾಡ್ತಿದ್ದೆ" ಅಂದೆ. ವಾಪಸ್ ಬರುವ ಬಸ್ಸಿನಲ್ಲಿ ಆನಂದಪುರ ದಾಟುವವರೆಗೂ ಆ ಮೂರು ಶಾಟ್ ಯಾವುವು ಅಂತ ಹುಡುಕಿದೆವು. ಏಳನೆಯವನನ್ನೇ ಕೇಳೋಣ ಅಂತ ತಿರುಗಿದರೆ, ಅವನು ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಮಲಗಿದ್ದ.