ತೋಡಿನ ಮೇಲೊಂದು ಓರೆ ಕಮಾನು: ನನ್ನ ಅನುಭವ

ಕೊಡಗಿಗೆ ರೈಲು ಬಂದಿಲ್ಲ. ಆದರೂ ರೈಲು ಸೇತುವೆಯ ಲೆಕ್ಕ ಹಿಡಿದು ಮಾದಾಪುರದ ಕಡೆಯ ಕಾಫಿ ತೋಟವೊಂದರಲ್ಲಿ ಇಟ್ಟಿಗೆ ಕಮಾನು ಕಟ್ಟಿದೆ. ಅಲ್ಲಿ ಜೀಪು ರಸ್ತೆಗೆ ತೋಡು ನೇರ ಅಡ್ಡಕ್ಕಿಂತ 30 ಡಿಗ್ರಿ ಓರೆಯಾಗಿ ಅಡ್ಡ ಬರುತ್ತದೆ. ಹ್ಯೂಮ್ ಪೈಪ್ ಇಟ್ಟರೆ ಮಳೆಗಾಲದಲ್ಲಿ ಮರದ ತುಂಡು ಸಿಕ್ಕಿಕೊಂಡು ರಸ್ತೆಯೇ ಕಿತ್ತುಹೋಗುತ್ತದೆ. ತೋಡನ್ನು ತಿರುಗಿಸಿ ನೇರ ಮಾಡೋಣ ಅಂದರೆ ನೀರು ಸುಮ್ನೆ ಇರುವುದಿಲ್ಲ, ದಡ ಕೊರೆಯುತ್ತದೆ. ಓರೆಯಲ್ಲೇ ದಾಟಬೇಕಿತ್ತು.

ರೈಲಿನವರಿಗೂ ಇದೇ ತಾಪತ್ರಯ. ರಸ್ತೆಯನ್ನಾದರೆ ಬೇಕಾದ ಕಡೆ ತಿರುಗಿಸಬಹುದು, ಹಳಿಯನ್ನು ಹಾಗೆ ತಿರುಗಿಸಲು ಆಗುವುದಿಲ್ಲ. ಅವರಿಗಿಂತ ಮೊದಲು ಕಾಲುವೆ ಕಟ್ಟುವವರು ಇದಕ್ಕೆ ದಾರಿ ಹುಡುಕಿದ್ದರು. ವಿಲಿಯಂ ಚಾಪ್‌ಮನ್ 1787ರಲ್ಲಿ ಐರ್ಲೆಂಡಿನ ಕಿಲ್ಡೇರ್ ಕಾಲುವೆಯ ಮೇಲೆ ಇಂಥ ಸೇತುವೆ ಕಟ್ಟಿದ. ವಾಸ್ತುಶಿಲ್ಪಿ ಪೀಟರ್ ನಿಕಲ್ಸನ್ 1828ರಲ್ಲಿ ಕಲ್ಲು ಕತ್ತರಿಸುವ ಲೆಕ್ಕವನ್ನು ಬರೆದಿಟ್ಟ.

ಮಾಮೂಲಿ ಕಮಾನಿನಲ್ಲಿ ಇಟ್ಟಿಗೆ ವರಸೆಗಳು ಅಬಟ್‌ಮೆಂಟಿಗೆ, ಅಂದರೆ ಕಮಾನು ಹೊರುವ ಪಕ್ಕದ ಗೋಡೆಗೆ, ಸಮಾನಾಂತರವಾಗಿ ಓಡುತ್ತವೆ. ಓರೆ ಸೇತುವೆಗೂ ಹಾಗೇ ಕಟ್ಟಿದರೆ ಎರಡು ಮೂಲೆಯ ತ್ರಿಕೋನಗಳಿಗೆ ಎದುರು ಗೋಡೆಯ ಆಸರೆಯೇ ಸಿಗುವುದಿಲ್ಲ. ಭಾರ ಸೇತುವೆಯ ಮುಖಕ್ಕೆ, ಅಂದರೆ ತೋಡಿನಲ್ಲಿ ನಿಂತರೆ ಎದುರು ಕಾಣುವ ಕಮಾನಿನ ಬದಿಗೆ, ಸಮಾನಾಂತರವಾಗಿ ಇಳಿಯಬೇಕು. ಅದಕ್ಕೆ ವರಸೆಗಳನ್ನೇ ತಿರುಗಿಸಬೇಕು.

ಎಷ್ಟು ತಿರುಗಿಸಬೇಕು? ಗೋಡೆಯಿಂದ ಗೋಡೆಗೆ ನೇರ ಅಗಲ 12 ಅಡಿ, ಬುಡದಿಂದ ನೆತ್ತಿಗೆ ಕಮಾನಿನ ಎತ್ತರ 3 ಅಡಿ. ತ್ರಿಜ್ಯ ಏಳೂವರೆ ಅಡಿ ಬರುತ್ತದೆ, ಬಾಗಿದ ಉದ್ದ ಹತ್ತಿರ ಹತ್ತಿರ 13 ಅಡಿ 11 ಇಂಚು. ಓರೆಯಿಂದಾಗಿ ಮುಖದ ಒಂದು ತುದಿ ಇನ್ನೊಂದಕ್ಕಿಂತ 6 ಅಡಿ 11 ಇಂಚು ಮುಂದೆ ಹೋಗುತ್ತದೆ. ಕಮಾನಿನ ಒಳಮೈಯನ್ನು ಕಾಗದದ ಮೇಲೆ ಬಿಚ್ಚಿ ಹಾಸಿದಂತೆ ಬರೆದು ಆ ಎರಡು ತುದಿಗೆ ಗೆರೆ ಎಳೆದೆ. ಎರಡಕ್ಕೆ ಒಂದರ ಓರೆ. ಆ ಗೆರೆಗೆ ಮೂಲೆಮಟ್ಟ ಹಿಡಿದು ಎಳೆದದ್ದೇ ವರಸೆಯ ಗೆರೆ. ಕಾಗದದಲ್ಲಿ ನೇರ ಗೆರೆ, ಕಮಾನಿನ ಮೇಲೆ ಅದೇ ತಿರುಪು. ಇಷ್ಟೇ ವಿದ್ಯೆ.

ಮೇಸ್ತ್ರಿಗೆ ನಂಬಿಕೆ ಇರಲಿಲ್ಲ. "ಸಾರ್, ವರಸೆ ಜಾರಿಕೊಂಡು ಹೋಗುತ್ತಲ್ವಾ?" ಅಂದರು. ಸೆಂಟ್ರಿಂಗಿಗೆ, ಅಂದರೆ ಕಮಾನು ಕಟ್ಟುವಾಗ ಕೆಳಗೆ ಕೊಡುವ ಮರದ ಆಸರೆಗೆ, ತೋಟದ ಸಿಲ್ವರ್ ಓಕ್ ಹಲಗೆಯನ್ನೇ ಹೊಡೆದಿದ್ದೆವು. ಅದರ ಮೇಲೆ ತೆಳ್ಳಗೆ ಸೀಳಿದ ಬಿದಿರಿನ ದಬ್ಬೆಯನ್ನು ಎರಡು ಗುರುತಿನ ನಡುವೆ ಮಲಗಿಸಿದೆ. ಪಕ್ಕಕ್ಕೆ ಬಗ್ಗಿಸದೆ ಚಪ್ಪಟೆಯಾಗಿ ಒತ್ತಿದರೆ ದಬ್ಬೆ ತಾನಾಗಿ ಸರಿಯಾದ ತಿರುಪಿಗೆ ಕೂರುತ್ತದೆ. ಅದರ ಅಂಚಿಗೆ ಪೆನ್ಸಿಲ್ ಓಡಿಸಿ ಗೆರೆ ಹಾಕಿದೆವು. ಅಷ್ಟು ನೋಡಿದ ಮೇಲೆ ಉಳಿದ ಗೆರೆಗಳನ್ನೆಲ್ಲ ಮೇಸ್ತ್ರಿಯೇ ಎಳೆದರು.

ಕಷ್ಟದ ಕೆಲಸ ಬುಡದಲ್ಲಿತ್ತು. ವರಸೆಗಳು ಗೋಡೆಗೆ ಓರೆಯಾಗಿ ಬಂದು ತಾಗುವುದರಿಂದ ಅಲ್ಲಿನ ಸೈಜುಗಲ್ಲಿಗೆ ಗರಗಸದಂತೆ ಹಲ್ಲು ಕಡೆಯಬೇಕು. 3 ಇಂಚಿನ ಇಟ್ಟಿಗೆ, ಮೇಲೊಂದಿಷ್ಟು ಗಾರೆ. ಸುಮಾರು ಏಳೂವರೆ ಇಂಚಿಗೊಂದು ಹಲ್ಲು. ಕಲ್ಲುಕುಟಿಗರ ಕೂಲಿಯೇ ಜಾಸ್ತಿ ಆಯಿತು. ಇಲ್ಲಿ ಉಳಿತಾಯ ಮಾಡಿ ಕಲ್ಲಿನ ಬದಲು ಗಾರೆ ತುಂಬಬೇಡಿ, ಕಮಾನಿನ ತಳ್ಳಾಟವೆಲ್ಲ ಬಂದು ಕೂರುವುದು ಇದೇ ಹಲ್ಲುಗಳ ಮೇಲೆ. ಕಮಾನು ಪೂರ್ತಿ ಕಲ್ಲಿನದಾಗಿದ್ದರೆ ಒಂದೊಂದು ಕಲ್ಲನ್ನೂ ತಿರುಚಿ ಕಡೆಯಬೇಕಿತ್ತು. ಇಟ್ಟಿಗೆ ಚಿಕ್ಕದು, ಆ ತಿರುಚು ಗಾರೆಯ ಸಂದಿನಲ್ಲೇ ಮುಗಿದುಹೋಗುತ್ತದೆ.

ಸಿಮೆಂಟ್, ಸುಣ್ಣ, ಮರಳು 1:1:6 ಗಾರೆ. ಬರೀ ಸಿಮೆಂಟಿನ ಗಾರೆ ಪೆಡಸು, ಕಮಾನು ಸ್ವಲ್ಪ ಕೂತರೂ ಬಿರುಕು ಬಿಡುತ್ತದೆ. ಎರಡು ಕಡೆಯಿಂದಲೂ ಸಮನಾಗಿ ಕಟ್ಟುತ್ತಾ ಬಂದೆವು. ಕಾಫಿ ಕೊಯ್ಲು ಮುಗಿದ ಮೇಲೆ ಶುರು ಮಾಡಿದ್ದು, ನಡುವೆ ಹೂಮಳೆ ಬಂದಾಗ ಟಾರ್ಪಾಲ್ ಹೊದಿಸಿದೆವು. ಆಮೇಲೆ ಸೆಂಟ್ರಿಂಗಿನ ಬೆಣೆಗಳನ್ನು ಒಂದೇ ಸಲ ಹೊಡೆದು ತೆಗೆಯದೆ, ಎಲ್ಲವನ್ನೂ ಸ್ವಲ್ಪಸ್ವಲ್ಪವೇ ಸಡಿಲಿಸಿದೆವು.

ಓರೆ 45 ಡಿಗ್ರಿ ದಾಟಿದರೆ ನಾನಂತೂ ಇದಕ್ಕೆ ಕೈ ಹಾಕುವುದಿಲ್ಲ. ಚೂಪು ಮೂಲೆಯ ಇಟ್ಟಿಗೆ ತೀರಾ ತೆಳ್ಳಗಾಗಿ ಉದುರುತ್ತದೆ, ಭಾರವೆಲ್ಲ ಅಗಲ ಮೂಲೆಗೆ ಹೋಗಿ ಬೀಳುತ್ತದೆ. ಅಂಥ ಕಡೆ ಕಾಂಕ್ರೀಟ್ ಸ್ಲ್ಯಾಬೇ ವಾಸಿ.