ರಬ್ಬರ್ ತೊಗಟೆ ಕೆತ್ತುವುದು, ಅದನ್ನು ಮತ್ತೆ ಬೆಳೆಸುವುದು: ನನ್ನ ಅನುಭವ

ಸುಳ್ಯ ತಾಲೂಕಿನ ನಮ್ಮ ಗುಡ್ಡೆಯಲ್ಲಿ ರಬ್ಬರ್ ಇದೆ, ಟ್ಯಾಪಿಂಗ್, ಅಂದರೆ ತೊಗಟೆ ಕೆತ್ತಿ ರಬ್ಬರ್ ಹಾಲು ಇಳಿಸುವ ಕೆಲಸ, ನಾನೇ ಮಾಡುತ್ತೇನೆ. ತೋಟ ನೋಡಲು ಬಂದವರು ಮೊದಲು ಹಾಲು ಹಿಡಿಯುವ ಗೆರಟೆಗೆ ಇಣುಕಿ, ಮರ ಎಷ್ಟು ಹಾಲು ಕೊಡುತ್ತದೆ ಎಂದು ಕೇಳುತ್ತಾರೆ. ನಾನು ಅವರನ್ನು ಮರದ ಆಚೆ ಬದಿಗೆ ಕರೆದುಕೊಂಡು ಹೋಗುತ್ತೇನೆ. ಅದು ಕೆತ್ತಿ ಮುಗಿಸಿ ವರ್ಷಗಳಾದ ಬದಿ. ಅಲ್ಲಿ ಹೊಸ ತೊಗಟೆ ಸಮವಾಗಿ, ದಪ್ಪವಾಗಿ ಬಂದಿದ್ದರೆ ಆ ಮರವನ್ನು ಇನ್ನೂ ಹಲವು ವರ್ಷ ನಂಬಬಹುದು. ಗಂಟು ಉಬ್ಬುಗಳೇ ತುಂಬಿದ್ದರೆ ಇವತ್ತಿನ ಗೆರಟೆ ತುಂಬಿ ಹರಿದರೂ ನನಗೆ ಸಮಾಧಾನ ಇಲ್ಲ.

ಡಿಗ್ರಿಯಲ್ಲಿ ಸಸ್ಯಶಾಸ್ತ್ರ ಓದಿದ್ದೆ. ಆದರೂ ತೊಗಟೆಯ ಪದರಗಳು ಮನಸ್ಸಿನಲ್ಲಿ ಕೂತದ್ದು ಟ್ಯಾಪಿಂಗ್ ಕತ್ತಿ ಹಿಡಿದ ಮೇಲೆಯೇ. ತೀರಾ ಹೊರಗೆ ಇರುವ ಒರಟು ಕಂದು ಪದರ ಕಾರ್ಕ್. ಅದರ ಕೋಶಗಳ ಗೋಡೆಯಲ್ಲಿ ಸುಬೆರಿನ್ ಎಂಬ ಮೇಣದಂಥ ವಸ್ತು ಸೇರಿಕೊಂಡಿರುತ್ತದೆ, ಕೋಶಗಳು ಸತ್ತಿರುತ್ತವೆ. ಸತ್ತೇ ಅವು ಮರ ಕಾಯುವುದು: ಒಳಗಿನ ನೀರು ಆರಿಹೋಗದಂತೆ, ಹೊರಗಿನ ಶಿಲೀಂಧ್ರ ಒಳಗೆ ನುಗ್ಗದಂತೆ. ಒಳಗಿನ ಜೀವಂತ ಭಾಗ ಉಸಿರಾಡಲು ಮಾತ್ರ ಅಲ್ಲಲ್ಲಿ ಲೆಂಟಿಸೆಲ್ ಎಂಬ ಸಣ್ಣ ರಂಧ್ರಗಳಿವೆ. ಈ ಕಾರ್ಕನ್ನು ಹುಟ್ಟಿಸುವುದು ಅದರ ಅಡಿಯಲ್ಲೇ ಇರುವ ಕಾರ್ಕ್ ಕ್ಯಾಂಬಿಯಂ; ಕ್ಯಾಂಬಿಯಂ ಅಂದರೆ ಹೊಸ ಕೋಶಗಳನ್ನು ಹುಟ್ಟಿಸುವ ಜೀವಂತ ಪದರ. ಅದರಿಂದ ಒಳಗೆ ಹೋದರೆ ಗಟ್ಟಿ ತೊಗಟೆ. ಕಲ್ಲುಕೋಶಗಳಿರುವುದರಿಂದ ಕತ್ತಿಗೆ ಮರಳು ಸಿಕ್ಕಿದ ಹಾಗೆ ಕರಕರ ಅನ್ನುತ್ತದೆ. ಇನ್ನೂ ಒಳಗೆ ಮೆದು ತೊಗಟೆ. ಹಾಲಿನ ನಾಳಗಳು ಹೆಚ್ಚಾಗಿ ಇರುವುದು ಇಲ್ಲಿ, ಉಂಗುರದೊಳಗೆ ಉಂಗುರವಾಗಿ. ಅದಕ್ಕೂ ಒಳಗೆ ಕಾಂಡವನ್ನು ದಪ್ಪ ಮಾಡುವ ಕ್ಯಾಂಬಿಯಂ, ಆಮೇಲೆ ಕಟ್ಟಿಗೆ.

ಕಷ್ಟ ಇರುವುದು ಇಲ್ಲೇ. ಹೆಚ್ಚು ಹಾಲಿನ ನಾಳಗಳು ಕ್ಯಾಂಬಿಯಂಗೆ ತಾಗಿಕೊಂಡೇ ಇವೆ, ಕ್ಯಾಂಬಿಯಂ ಮುಟ್ಟಿದರೆ ಮರಕ್ಕೆ ಗಾಯ. ಕತ್ತಿ ನಿಲ್ಲಬೇಕಾದದ್ದು ಅದಕ್ಕಿಂತ ಸುಮಾರು ಒಂದು ಮಿಲಿಮೀಟರ್ ಈಚೆಗೆ. ನನಗೆ ಈ ಕೆಲಸ ಕಲಿಸಿದವರು, 1964ರ ಭಾರತ-ಶ್ರೀಲಂಕಾ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಸಿದ ಕುಟುಂಬವೊಂದರ ಅಕ್ಕ. "ಕಟ್ಟಿಗೆ ಮುಟ್ಟಬೇಡ ತಮ್ಮಾ, ಚೋಲಿಯಲ್ಲೇ ಕೈ ನಿಲ್ಲಲಿ" ಎನ್ನುತ್ತಿದ್ದರು; ಚೋಲಿ ಅಂದರೆ ತೊಗಟೆ. ಅವರ ಕಣ್ಣು ಹಾಲಿನ ಮೇಲೆ ಇರುತ್ತಿರಲಿಲ್ಲ, ಕೆಳಗೆ ಬೀಳುವ ತೊಗಟೆಯ ಚೂರಿನ ಮೇಲೆ ಇರುತ್ತಿತ್ತು. ಚೂರು ತೆಳ್ಳಗೆ, ಉದ್ದಕ್ಕೂ ಒಂದೇ ಅಗಲಕ್ಕೆ ಬರಬೇಕು.

ಕಸಿ ಗಿಡವಾದರೆ, ಕಸಿ ಕೂಡಿದ ಜಾಗದಿಂದ 125 ಸೆಂಟಿಮೀಟರ್ ಎತ್ತರದಲ್ಲಿ ಮರದ ಸುತ್ತಳತೆ 50 ಸೆಂಟಿಮೀಟರ್ ಆದ ಮೇಲೆಯೇ ಕತ್ತಿ ಇಡುತ್ತೇನೆ. ಗೀರು ಅರ್ಧ ಸುತ್ತು, 30 ಡಿಗ್ರಿ ಇಳಿಜಾರು, ಮೇಲೆ ಎಡಗಡೆಯಿಂದ ಕೆಳಗೆ ಬಲಗಡೆಗೆ. ನಾಳಗಳು ನೆಟ್ಟಗೆ ನಿಂತಿಲ್ಲ, ಮೇಲೆ ಹೋಗುತ್ತಾ ಸ್ವಲ್ಪ ಬಲಕ್ಕೆ ವಾಲಿವೆ. ಹೀಗೆ ಗೀರಿದರೆ ಹೆಚ್ಚು ನಾಳಗಳು ತುಂಡಾಗುತ್ತವೆ. ಸಿಂಗಾಪುರದ ಸಸ್ಯೋದ್ಯಾನದಲ್ಲಿ ಹೆನ್ರಿ ರಿಡ್ಲಿ 19ನೇ ಶತಮಾನದ ಕೊನೆಯಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಮರವನ್ನು ಎಲ್ಲೆಂದರಲ್ಲಿ ಕಡಿಯಬೇಕಿಲ್ಲ, ಒಂದೇ ಗೀರನ್ನು ಪ್ರತಿ ಸಲ ತುಸು ತುಸು ಕೆಳಗೆ ಕೆತ್ತುತ್ತಾ ಹೋದರೆ ಸಾಕು. ನಮ್ಮ ತಳಿ ಆರ್‌ಆರ್‌ಐಐ 105. ಅದಕ್ಕೆ ಮೂರು ದಿನಕ್ಕೊಮ್ಮೆ ಟ್ಯಾಪಿಂಗ್ ಸಾಕು. ಪದೇ ಪದೇ ಗೀರಿದರೆ ತೊಗಟೆ ಬತ್ತಿ ಹಾಲೇ ನಿಲ್ಲುತ್ತದೆ.

ಟ್ಯಾಪಿಂಗ್ ಕೆಳಮುಖವಾಗಿ ಹೋಗುವುದರಿಂದ ಗೀರಿನ ಮೇಲ್ಭಾಗವನ್ನು ಕೆಳಗಿನಿಂದ ಮೇಲಕ್ಕೆ ಓದಬಹುದು. ಗೀರಿಗೆ ತಾಗಿದ ಬೆರಳಗಲ ತಿಳಿ ಬಣ್ಣದ ಹಸಿ ಭಾಗ, ಉಗುರು ಒತ್ತಿದರೆ ಗುರುತು ಬೀಳುತ್ತದೆ. ಅದರ ಮೇಲೆ ಕಂದು ತಿರುಗಿದ ತೆಳು ಸಿಪ್ಪೆ. ಒಂದು ಗೇಣು ಮೇಲೆ ಹೋದರೆ ಆಗಲೇ ಒರಟು. ಕೆತ್ತಿದ ಕೂಡಲೇ ಮೇಲಿನ ಕೋಶಗಳು ಒಣಗುತ್ತವೆ. ಅವುಗಳ ಅಡಿಯಲ್ಲಿ ಉಳಿದ ಜೀವಂತ ತೊಗಟೆಯಲ್ಲಿ ಹೊಸದಾಗಿ ಕಾರ್ಕ್ ಕ್ಯಾಂಬಿಯಂ ಹುಟ್ಟಿ ಹೊರಕ್ಕೆ ಕಾರ್ಕ್ ಕಟ್ಟತೊಡಗುತ್ತದೆ. ಅತ್ತ ಒಳಗಿನ ಕ್ಯಾಂಬಿಯಂ ಮೆದು ತೊಗಟೆಯನ್ನೂ ಹಾಲಿನ ನಾಳದ ಹೊಸ ಉಂಗುರಗಳನ್ನೂ ಸೇರಿಸುತ್ತಾ ಬರುತ್ತದೆ. ನಾವು ಬಿಟ್ಟ ಆ ಒಂದು ಮಿಲಿಮೀಟರಿನಲ್ಲಿ ಇಷ್ಟೆಲ್ಲ ನಡೆಯಬೇಕು. ಕತ್ತಿ ಆಳಕ್ಕೆ ಹೋಗಿ ಕಟ್ಟಿಗೆ ಬಿಳಿಯಾಗಿ ಕಂಡಿತೋ, ಅಲ್ಲಿ ಗಾಯದ ಅಂಚುಗಳು ಎರಡೂ ಕಡೆಯಿಂದ ಉಬ್ಬಿ ಮುಚ್ಚಿಕೊಳ್ಳುತ್ತವೆ, ಗಂಟು ಉಳಿಯುತ್ತದೆ. ಗಂಟಿನ ಮೇಲೆ ಮುಂದೆ ಕತ್ತಿ ಓಡುವುದಿಲ್ಲ.

ಪೋರ್ಚುಗಲ್‌ನಲ್ಲಿ ಕಾರ್ಕ್ ಓಕ್ ಮರದಿಂದ ಬಾಟಲಿ ಬಿರಡೆಗೆ ಕಾರ್ಕ್ ಸುಲಿಯುವವರ ನಿಯಮವೂ ಇದೇ. ಒಮ್ಮೆ ಸುಲಿದರೆ ಒಂಬತ್ತು ವರ್ಷ ಮುಟ್ಟುವುದಿಲ್ಲ. ಸುಲಿದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬರೆದಿಡುತ್ತಾರೆ. ಒಳಪದರಕ್ಕೆ ಕೊಡಲಿ ತಾಗಿದ ಕಡೆ ಒಳ್ಳೆಯ ಕಾರ್ಕ್ ಮತ್ತೆ ಬರುವುದಿಲ್ಲ.

ನಮ್ಮಲ್ಲಿ ದೊಡ್ಡ ಪರೀಕ್ಷೆ ಮಳೆಗಾಲ. ಗೀರಿನ ಮೇಲಿನ ಆ ಹಸಿ ಬೆರಳಗಲಕ್ಕೆ ಇನ್ನೂ ಕಾರ್ಕಿನ ರಕ್ಷಣೆ ಬಂದಿರುವುದಿಲ್ಲ. ಆಟಿ ತಿಂಗಳ ಜಡಿಮಳೆಯಲ್ಲಿ ಕಾಂಡದ ಮೇಲೆ ನೀರು ಇಳಿಯುತ್ತಲೇ ಇದ್ದರೆ ಫೈಟಾಪ್ತೊರಾ ಎಂಬ ಕೊಳೆರೋಗದ ಸೂಕ್ಷ್ಮಜೀವಿ ಅಲ್ಲೇ ಹೊಕ್ಕುತ್ತದೆ. ತೊಗಟೆಯ ಮೇಲೆ ನೆಟ್ಟಗೆ ಕಪ್ಪು ಗೆರೆ ಕಂಡರೆ ಅದೇ ಎಂದು ತಿಳಿಯಬೇಕು. ಬಿಟ್ಟರೆ ಕೊಳೆತು ಕಟ್ಟಿಗೆವರೆಗೂ ಹೋಗುತ್ತದೆ. ಮಳೆ ಹಿಡಿಯುವ ಮೊದಲೇ ಗೀರಿನ ಮೇಲೆ ಪ್ಲಾಸ್ಟಿಕ್ ಲಂಗವನ್ನು ಡಾಂಬರು ಅಂಟಿನಿಂದ ಕೂರಿಸುತ್ತೇನೆ, ಎಲ್ಲೂ ಸಂದು ಉಳಿಯದ ಹಾಗೆ. ಜೊತೆಗೆ ಮ್ಯಾಂಕೋಜೆಬ್ ಎಂಬ ರೋಗನಾಶಕದ ದ್ರಾವಣವನ್ನು ಬ್ರಷ್‌ನಿಂದ ಹಚ್ಚುತ್ತೇನೆ. ಲಂಗದ ಖರ್ಚು ಕೆಲವರಿಗೆ ದುಬಾರಿ ಅನಿಸುತ್ತದೆ. ನನಗೆ ಹಾಗೆ ಅನಿಸುವುದಿಲ್ಲ, ಕೊಳೆತು ಹೋದ ತೊಗಟೆಯನ್ನು ದುಡ್ಡು ಕೊಟ್ಟು ಮರಳಿ ತರಲಾಗುವುದಿಲ್ಲ.

ಎಳೆ ಗಿಡಗಳದ್ದು ಬೇರೆ ತೊಂದರೆ. ಹಸಿರು ಕಾಂಡ ಬುಡದಿಂದ ಮೇಲಕ್ಕೆ ಕಂದಾಗುತ್ತಾ ಬರುತ್ತದೆ, ಅಂದರೆ ಕಾರ್ಕ್ ಕಟ್ಟುತ್ತಿದೆ. ಅದು ಇನ್ನೂ ತೆಳು, ನೆರಳೂ ಕೂಡಿರುವುದಿಲ್ಲ, ಬೇಸಿಗೆಯ ಬಿಸಿಲಿಗೆ ಸುಟ್ಟು ಒಡೆಯುತ್ತದೆ. ಕಂದಾದ ಭಾಗಕ್ಕೆ ಸುಣ್ಣ ಬಳಿದರೆ ಆಯಿತು. ಮಳೆಯಲ್ಲಿ ಕವಲಿನ ಸಂದಿನಲ್ಲಿ ಗುಲಾಬಿ ಬೂಸ್ಟು ಕಂಡರೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಪೇಸ್ಟ್ ತಡಮಾಡದೆ ಹಚ್ಚಬೇಕು.

ಎರಡೂ ಬದಿಯ ಮೊದಲ ತೊಗಟೆ ಮುಗಿಯುವಾಗ ಮೊದಲು ಕೆತ್ತಿದ ಬದಿಗೆ ವರ್ಷಗಳ ಬಿಡುವು ಸಿಕ್ಕಿರುತ್ತದೆ. ಅಲ್ಲಿಗೆ ಕತ್ತಿ ತಿರುಗಿಸುವ ಮೊದಲು ಹೊಸ ತೊಗಟೆಯ ದಪ್ಪವನ್ನು, ಪಕ್ಕದಲ್ಲಿ ಎಂದೂ ಕೆತ್ತದೆ ಉಳಿದ ತೊಗಟೆಯ ದಪ್ಪದ ಜೊತೆ ಅಳೆದು ನೋಡುತ್ತೇನೆ. ಸಾಲದೆಂದು ಕಂಡ ಮರಕ್ಕೆ ಆ ವರ್ಷ ಬಿಡುವು.